ಬೀಗರಿಗೆ ತಂಗಳೂಟ

ಪಂಚನಹಳ್ಳಿಯ ಬೆನಕಪ್ಪನ ತೋಟದಲ್ಲಿ ಹಾರೆ ಹಾಕಿದರೆ ನೆಲ ಟಣ್ ಎನ್ನುತ್ತಿತ್ತು. ಮೂಟೆ ಗೊಬ್ಬರ ಎಷ್ಟು ಸುರಿದರೂ ಮಣ್ಣು ಮೆತ್ತಗಾಗಲಿಲ್ಲ. ಹನ್ನೆರಡು ತೆಂಗಿನ ಸಸಿಗಳಲ್ಲಿ ಐದು ಒಣಗಿದವು. ಉಳಿದ ಏಳನ್ನಾದರೂ ಬದುಕಿಸಬೇಕೆಂದು ಅವನು ಅಜ್ಜಂಪುರದ ಎರೆಗೊಬ್ಬರ ತರಬೇತಿಗೆ ಹೋಗಿ, ಒಂದು ಕೆ.ಜಿ. ಎರೆಹುಳುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ.

ಹೆಂಡತಿ ಯಶೋದಾ ನಕ್ಕಳು. "ಅಜ್ಜಂಪುರದ್ದು ಕಪ್ಪು ಎರೆ ಮಣ್ಣು. ಅಲ್ಲಿನ ಹುಳ ನಮ್ಮ ಕೆಂಪು ನೆಲದಾಗೆ ನಿಲ್ತಾವಾ?"

"ಬೀಗ್ರ ಥರ ನೋಡ್ಕೊಂಡ್ರೆ ಯಾಕೆ ನಿಲ್ಲಲ್ಲ?"

ಆಗತಾನೆ ಬಾಚಿದ ಸಗಣಿಯನ್ನು ಹಿತ್ತಲ ಸಿಮೆಂಟು ತೊಟ್ಟಿಯ ತುಂಬ ಸುರಿದು ಹುಳು ಬಿಟ್ಟ. ಮೂರನೇ ದಿನ ನೋಡಿದರೆ ಅರ್ಧ ಸತ್ತಿದ್ದವು. ಉಳಿದವು ತೊಟ್ಟಿಯ ಗೋಡೆ ಹತ್ತಿದ್ದವು.

"ಬೀಗ್ರು ಎಲೆ ಬಿಟ್ಟು ಎದ್ರು ಕಣ್ರೀ! ಇನ್ನೊಂದ್ಸಲ ಹಿಂಗಾದ್ರೆ ಆ ತೊಟ್ಟೀಲಿ ನಮ್ಮ ಕರ ನೀರು ಕುಡೀಲಿ," ಎಂದಳು ಯಶೋದಾ.

ಫೋನ್ ಮಾಡಿದ್ದಕ್ಕೆ ತರಬೇತಿ ಕೊಟ್ಟಿದ್ದ ಭುವನಾ ಸ್ಕೂಟರಿನಲ್ಲಿ ಬಂದಳು.

"ಏನ್ ಹಾಕಿದ್ರಿ?"

"ಬಿಸಿಬಿಸಿದೇ ಬಡಿಸ್ದೆ ಕಣವ್ವಾ. ಬೀಗ್ರಿಗೆ ತಂಗಳು ಹಾಕೋಕಾಯ್ತದಾ?"

"ತರಬೇತೀಲೇ ಹೇಳಿದ್ನಲ್ಲಾ, ಈ ಬೀಗ್ರಿಗೆ ತಂಗಳೇ ಬೇಕು. ಸಗಣಿಯೊಳಗೆ ಕೈ ಇಡಿ."

ಇಟ್ಟವನು ತಟ್ಟನೆ ಎಳೆದುಕೊಂಡ. ಸುಡುತ್ತಿತ್ತು.

"ಹಸಿ ಸಗಣಿ ಕೊಳೀವಾಗ ಕಾಯ್ತದೆ. ನೆರಳಲ್ಲಿ ಹದಿನೈದು ಇಪ್ಪತ್ತು ದಿನ ನೀರು ಚಿಮುಕಿಸಿ ಮಗುಚಿ, ತಣ್ಣಗಾದ್ಮೇಲೆ ಒಣಗೆಲೆ ಜೊತೆ ಹಾಕಿ. ಅಲ್ಲೀಗಂಟ ಉಳಿದ ಹುಳಕ್ಕೆ ತಿಪ್ಪೆ ತಳದ ಹಳೇ ಸಗಣಿ ಸಾಕು. ಮೇಲೆ ಒದ್ದೆ ಗೋಣಿ ಇರ್ಲಿ, ತೊಟ್ಟೀಲಿ ನೀರು ಮಾತ್ರ ನಿಲ್ಲಬಾರ್ದು."

ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಗೋಣಿ ಎತ್ತಿದ್ದು ಯಶೋದಾ. ಸಗಣಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಟೀಪುಡಿಯಂಥ ಕಪ್ಪು ಕಾಳು, ನಾತವೂ ಇಲ್ಲ. ಬೊಗಸೆ ತುಂಬಿಕೊಂಡಳು. ತಣ್ಣಗಿತ್ತು. ಬೆರಳ ಸಂದಿಯಲ್ಲಿ ನೂಲಿನಷ್ಟು ಸಣ್ಣ ಮರಿಯೊಂದು ಅಲುಗಿತು.

"ಕಣ್ಣಿಲ್ಲ, ಹಲ್ಲಿಲ್ಲ. ಇವೇನ್ರೀ ಇಷ್ಟನ್ನೂ ಮಾಡಿದ್ದು?"

ಬೆನಕಪ್ಪನೂ ಬಗ್ಗಿ ಆ ಮರಿಯನ್ನೇ ನೋಡುತ್ತಿದ್ದ.

ಆ ಗೊಬ್ಬರವನ್ನು ಸಸಿಗಳ ಬುಡಕ್ಕೆ ಹಾಕಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಏಳೂ ಸಸಿ ಹೊಸ ಗರಿ ಬಿಟ್ಟವು. ಬುಡದಲ್ಲಿ ಹಾರೆ ಹಾಕಿದರೆ ಸದ್ದೇ ಇಲ್ಲ.

"ಕೆಂಪು ನೆಲಾನೇ ಎರೆ ಮಾಡ್ಬಿಟ್ವಲ್ರೀ!" ಎಂದಳು ಯಶೋದಾ.

ರೈತ ಬಂಧುಗಳೇ, ನಿಮ್ಮ ತಿಪ್ಪೆಯೊಳಗೂ ಒಮ್ಮೆ ಕೈ ಇಟ್ಟು ನೋಡಿ. ಸುಟ್ಟರೆ ಕಾಯಿರಿ. ಕಾಯುವ ದಿನಗಳಲ್ಲಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎರೆಗೊಬ್ಬರ ತರಬೇತಿ ಯಾವಾಗ ಎಂದು ಕೇಳಿ. ಬೀಗರನ್ನು ಕರೆತನ್ನಿ. ಊಟ ಮಾತ್ರ ತಂಗಳಿರಲಿ.