ಹರಿಯದ ಚೀಟಿ

ತನ್ನ ಕೈಗೆ ಬಂದ ಹಾಳೆ ಒಂದೂ ಕಳೆದುಹೋದದ್ದಿಲ್ಲ ಎಂಬುದು ಬೈಂಡಿಂಗ್ ಮೇಸ್ತ್ರಿಯ ಜಂಬ. ಜಂಬಕ್ಕೆ ಕಾರಣವೂ ಇತ್ತೆನ್ನಿ. ಕೋರ್ಟಿನ ಕಡತ, ಶಾಲೆಯ ಹಾಜರಿ ಪುಸ್ತಕ, ಇಲಿ ಕಡಿದ ನಿಘಂಟು, ಹೀಗೆ ನಲವತ್ತು ವರ್ಷ ಎಲ್ಲಕ್ಕೂ ಹೊಲಿಗೆ ಹಾಕಿ ರಟ್ಟು ಕಟ್ಟಿದ ಮನುಷ್ಯ. ಹೆಂಡತಿ ತನ್ನ ಅಕ್ಕನ ಜೊತೆ, ಪರದೇಶದಲ್ಲಿದ್ದ ಅಕ್ಕನ ಮಗಳ ಮನೆಗೆ ಒಂದು ತಿಂಗಳ ಮಟ್ಟಿಗೆ ಹೊರಟಳು. ಆಗ ಬಂತು ಪ್ರಯಾಣ ವಿಮೆಯ ಪಾಲಿಸಿ. ಅಷ್ಟು ದಪ್ಪದ ಕಟ್ಟಿಗೆ ಮೂಲೆಯಲ್ಲಿ ಒಂದೇ ಒಂದು ಪಿನ್ನು. ಅದನ್ನು ಕಂಡದ್ದೇ ತಡ, ಮೇಸ್ತ್ರಿಗೆ ಮೈಯೆಲ್ಲ ಉರಿಯಿತು.

"ಏನೇ ಇದು, ಕಡಲೆಕಾಯಿ ಪೊಟ್ಟಣ ಕಟ್ಟಿದ ಹಾಗೆ!" ಎಂದು ಪಿನ್ನು ಕಿತ್ತು ಎಸೆದ.

"ನೀವು ಬರೀ ರಟ್ಟು ನೋಡ್ತೀರೋ, ಒಳಗೂ ಓದ್ತೀರೋ?"

"ನೀನು ಓದು, ನಾನು ಕಟ್ತೀನಿ. ಮದುವೆಯಾದಾಗಿಂದ ಹಾಗೇ ಅಲ್ವೇನೇ ನಡೆದಿರೋದು?"

ಅವಳು ಓದಿದಳು. ಹತ್ತು ವರ್ಷದಿಂದ ಅವಳ ಹೃದಯದ ಕವಾಟ ಸರಿಯಿರಲಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಕೊಂಡು ನಡೆಸುತ್ತಿದ್ದಳು. ಹಳೆಯ ಕಾಯಿಲೆಯನ್ನು ಬರೆದು ತಿಳಿಸಲು ಪಾಲಿಸಿಯ ಕೊನೆಯಲ್ಲಿ ಒಂದು ಚೀಟಿಯಿತ್ತು. ಕಾಯಿಲೆ, ಮಾತ್ರೆ, ಡಾಕ್ಟರು, ಒಂದನ್ನೂ ಬಚ್ಚಿಡದೆ ದುಂಡಗಿನ ಅಕ್ಷರದಲ್ಲಿ ತುಂಬಿ ಸಹಿ ಮಾಡಿದಳು. "ಕೊನೇ ಹಾಳೆ ತುಂಬಿದೀನಿ, ಮುಂದಿಂದು ನೋಡ್ಕೊಳ್ಳಿ" ಎಂದು ಹೇಳಿ ಪೆಟ್ಟಿಗೆ ಜೋಡಿಸಲು ಹೋದಳು.

ಮೇಸ್ತ್ರಿ ನೋಡಿದ. ಏನು ನೋಡಿದ? ಅಕ್ಷರವನ್ನಲ್ಲ. ಚೀಟಿಯ ಅಂಚಿನುದ್ದಕ್ಕೂ ಸಾಲಾಗಿ ಸಣ್ಣ ಸಣ್ಣ ತೂತುಗಳಿದ್ದವು. ಅವನ ಕಣ್ಣಿಗೆ ಅದು ಇವತ್ತೋ ನಾಳೆಯೋ ಹರಿದು ಬೀಳುವ ಹಾಳೆ. ಅಯ್ಯೋ ಪಾಪ, ಎಂದುಕೊಂಡ. ತೂತಿನ ಸಾಲಿನ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ಉಳಿದ ಹಾಳೆಗಳ ಜೊತೆ ಇಟ್ಟು ಹೊಲಿದ. ನೀಲಿ ರಟ್ಟು ಹಾಕಿ, ಮೇಲೆ ಬಂಗಾರದ ಬಣ್ಣದಲ್ಲಿ ಹೆಂಡತಿಯ ಹೆಸರು ಒತ್ತಿದ. ಅವಳು ನೋಡಿ ನಕ್ಕಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಹೇಳಿ, ಪುಸ್ತಕವನ್ನು ತೆರೆದೂ ನೋಡದೆ ಬೀರುವಿನಲ್ಲಿಟ್ಟು ವಿಮಾನ ಹತ್ತಿದಳು.

ಹದಿನೆಂಟನೆಯ ದಿನ ಅಲ್ಲಿ ಉಸಿರು ಸಿಗದೆ ಬಿದ್ದಳು. ಮಾಡುವುದು ಇನ್ನೇನೂ ಉಳಿದಿಲ್ಲ, ಹೆಚ್ಚೆಂದರೆ ಎರಡು ವಾರ ಎಂದರು ಅಲ್ಲಿಯ ಡಾಕ್ಟರು. ಮಲಗಿಸಿಕೊಂಡು, ಆಮ್ಲಜನಕ ಹಚ್ಚಿ, ಜೊತೆಗೊಬ್ಬ ನರ್ಸನ್ನು ಕೂರಿಸಿದರೆ ಊರಿಗೆ ಕಳಿಸಬಹುದು ಎಂದೂ ಹೇಳಿದರು. ಅವಳು ಬೇಡಿದ್ದೂ ಅಷ್ಟೇ: ಮನೆಯ ಕಿಟಕಿ ಪಕ್ಕದ ಮಂಚ, ಎದುರಿಗೆ ಗಂಡ. ಮೇಸ್ತ್ರಿಗೆ ಪಾಸ್‌ಪೋರ್ಟ್ ಇರಲಿಲ್ಲ. ಅದು ಕೈಗೆ ಬರುವಷ್ಟರಲ್ಲಿ ಎರಡು ವಾರ ಎಲ್ಲಿ ಉಳಿದಿರುತ್ತದೆ? ಅಂಗಡಿ, ಮನೆ ಎರಡನ್ನೂ ಮಾರಿದರೂ ಅಂಥ ವಿಮಾನದ ರೆಕ್ಕೆ ಕೂಡ ಬರುತ್ತಿರಲಿಲ್ಲ. ಇದ್ದದ್ದು ನೀಲಿ ರಟ್ಟಿನ ಪುಸ್ತಕ ಒಂದೇ. ಕಾಯಿಲೆ ಬಿದ್ದವರನ್ನು ಊರಿಗೆ ಕರೆತರುವ ಹೊಣೆ ಕಂಪನಿಯದು ಎಂದು ಅದರಲ್ಲಿ ಬರೆದಿತ್ತು. ಆ ಪುಟಕ್ಕೆ ರಿಬ್ಬನ್ ಇಟ್ಟುಕೊಂಡು ವಿಮಾ ಕಚೇರಿಗೆ ಓಡಿದ.

ಅಲ್ಲಿದ್ದ ಅಧಿಕಾರಿ ಒಬ್ಬ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಪುಸ್ತಕವನ್ನು ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿ ಕಟ್ಟಿದೀರಿ ಯಜಮಾನರೇ" ಎಂದಳು. ಆಮೇಲೆ ಕಂಪ್ಯೂಟರ್ ನೋಡಿದಳು. ಮುಖ ಸಣ್ಣದಾಯಿತು.

"ಹಳೇ ಕಾಯಿಲೆ ಬಗ್ಗೆ ನಮಗೆ ತಿಳಿಸೇ ಇಲ್ವಲ್ಲ. ತಿಳಿಸದಿದ್ರೆ ಆ ಕಾಯಿಲೆಗೆ ಚಿಕಿತ್ಸೆಯೂ ಇಲ್ಲ, ಕರ್ಕೊಂಡು ಬರೋದೂ ಇಲ್ಲ."

"ತಿಳಿಸಿದೀವಿ ಮೇಡಂ! ಅವಳೇ ಬರೆದಿದಾಳೆ, ನೋಡಿ!" ಮೇಸ್ತ್ರಿ ಗೆದ್ದವನಂತೆ ಕೊನೆಯ ಹಾಳೆ ತೆಗೆದು ತೋರಿಸಿದ.

ಅವಳು ಬಟ್ಟೆಯ ಪಟ್ಟಿಯ ಮೇಲೆ ಬೆರಳಾಡಿಸಿದಳು. ಉಗುರಿನಿಂದ ಅದರ ತುದಿಯನ್ನು ಮೆಲ್ಲಗೆ ಎಬ್ಬಿಸಿದಳು. ಕೆಳಗೆ ಅಚ್ಚಾಗಿದ್ದುದನ್ನು ಓದುವಾಗ ಅವಳ ದನಿ ಇಳಿದಿತ್ತು. "ಇಲ್ಲಿ ಹರಿದು, ಪ್ರಯಾಣಕ್ಕೆ ಮೊದಲು ಕಂಪನಿಗೆ ಕಳುಹಿಸಿ."

ಮೇಸ್ತ್ರಿ ಜೇಬಿನಿಂದ ಚಾಕು ತೆಗೆದ. "ಈಗ್ಲೇ ಕತ್ತರಿಸಿ ಕೊಡ್ತೀನಿ, ಒಂದು ನಿಮಿಷ" ಎಂದ. ಹೊಲಿಗೆಗೆ ಚಾಕು ಹಾಕಿ ಎಳೆದ. ತನ್ನದೇ ಹೊಲಿಗೆ, ಹಾಳಾದ್ದು, ಬಿಡಲೊಲ್ಲದು.

"ಬೇಡ ಯಜಮಾನರೇ. ಹೊರಟ ಮೇಲೆ ಕೊಟ್ರೆ ನಡೆಯಲ್ಲ. ನಾನು ಮೇಲಿನವರನ್ನೂ ಕೇಳಿ ನೋಡ್ತೀನಿ, ಆದ್ರೆ ಆಸೆ ಇಟ್ಕೋಬೇಡಿ" ಎಂದಳು. ಎದ್ದುಹೋಗಿ ಕೇಳಿಕೊಂಡೂ ಬಂದಳು, ಪುಣ್ಯಾತಗಿತ್ತಿ. ಬಂದು ತಲೆಯಾಡಿಸಿದಳು. ಆಮೇಲೆ ಪುಸ್ತಕದ ಇನ್ನೊಂದು ಪುಟ ತೆಗೆದು, ಬಾಯಿಬಿಟ್ಟು ಓದಲಾರದೆ ಬೆರಳಿಟ್ಟು ತೋರಿಸಿದಳು. ಮೂವತ್ತೊಂದನೆಯ ಪುಟ. ಮೃತದೇಹವನ್ನು ಊರಿಗೆ ತಲುಪಿಸುವ ಹೊಣೆ ಕಂಪನಿಯದು, ಸಾವಿನ ಕಾರಣ ಯಾವುದೇ ಇರಲಿ. ಅದಕ್ಕೆ ಮಾತ್ರ ಯಾವ ಷರತ್ತೂ ಇರಲಿಲ್ಲ.

ಮೇಸ್ತ್ರಿ ಕಚೇರಿಯ ಮೆಟ್ಟಿಲಿನ ಮೇಲೆ ಕುಸಿದು ಕೂತ. ಎಂಥ ಕೆಲಸ ಮಾಡಿದೆಯೋ ಮುಟ್ಠಾಳ, ಎಂದು ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ. ಅಷ್ಟರಲ್ಲಿ ಫೋನು ಬಂತು.

"ರೀ, ಏನಂದ್ರು?" ಅವಳ ದನಿ ನೂಲಿನಷ್ಟು ಸಣ್ಣಗಾಗಿತ್ತು. "ಚೀಟಿ ಹೋಗಿರುತ್ತೋ ಇಲ್ವೋ ಅಂತ ಅಕ್ಕ ಕೇಳ್ತಿದ್ಲು. ನಾನಂದೆ, ಅವರ ಕೈಗೆ ಬಂದ ಹಾಳೆ ಕಳೆಯೋದುಂಟೇನೇ ಅಂತ."

ಸುಳ್ಳು ಹೇಳೋಣವೆಂದುಕೊಂಡ. ನಾಲಿಗೆ ಏಳಲಿಲ್ಲ.

"ಕಳೆದಿಲ್ಲ ಕಣೇ" ಎಂದ. "ನನ್ನ ಕೈಯಲ್ಲೇ ಇದೆ. ಹೊಲಿದುಬಿಟ್ಟಿದೀನಿ."

ಆ ಕಡೆ ಆಮ್ಲಜನಕ ಸುಯ್ ಸುಯ್ ಎನ್ನುತ್ತಿತ್ತು. ಬಯ್ಯಲಿ, ಶಾಪ ಹಾಕಲಿ, ಏನಾದರೂ ಅನ್ನಲಿ ಎಂದು ಮೇಸ್ತ್ರಿ ಕಾದ.

"ಊಟ ಮಾಡಿದ್ರಾ?" ಎಂದಳು.

"ಇಲ್ಲ ಕಣೇ."

"ಮಾಡಿ. ಅಳಬೇಡಿ, ರಸ್ತೇಲಿ ಜನ ನೋಡ್ತಾರೆ." ಉಸಿರಿಗಾಗಿ ಸ್ವಲ್ಪ ತಡೆದಳು. "ನಾನು ಪೂರ್ತಿ ಓದಿದೀನಿ ರೀ. ಮೂವತ್ತೊಂದನೇ ಪುಟಾನೂ ಓದಿದೀನಿ. ಹೇಗೂ ಕರ್ಕೊಂಡು ಬರ್ತಾರೆ. ಕಿಟಕಿ ಪಕ್ಕದ ಮಂಚದ ಮೇಲೆ ನಿಮ್ಮ ರಟ್ಟು, ಅಂಟು ಎಲ್ಲ ಹರಡಿರ್ತೀರಿ, ತೆಗೆದಿಡಿ."

ಮೇಸ್ತ್ರಿ ಮನೆಗೆ ಹೋಗಿ ಮಂಚ ಖಾಲಿ ಮಾಡಿದ.