ಮೂರನೆಯ ಸೀನು

ಬೆಂಚು ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಂದು ತುದಿ ಫೋಟೋ ಸಾರ್ ಕೈಯಲ್ಲಿತ್ತು, ಇನ್ನೊಂದು ತುದಿ ಟೈಲರ್ ಕೈಯಲ್ಲಿ.

"ಸ್ವಲ್ಪ ಓರೆ ಮಾಡಿ ಸಾರ್. ಹಾಗಲ್ಲ, ನಿಮ್ಮ ಕಡೆ ಎತ್ತಿ," ಎಂದ ಟೈಲರ್. "ನಲವತ್ತು ವರ್ಷ ಮಹಡಿ ಮೇಲೇ ಇದ್ದ ಬೆಂಚು. ಕೆಳಗಿಳಿಸಿದ್ದಕ್ಕೆ ಮುನಿಸ್ಕೊಂಡಿದೆ."

ಮನೆಯಲ್ಲಿದ್ದ ಕುರ್ಚಿಗಳು ಸಾಲದೆ ಸ್ಟುಡಿಯೋದ ಬೆಂಚನ್ನೇ ತರಬೇಕಾಗಿ ಬಂದಿತ್ತು. ಬೆಳಗ್ಗಿನಿಂದ ಜನ ಬರುತ್ತಲೇ ಇದ್ದರು. ಹೆಂಡತಿ ನಾಲ್ಕು ಜನಕ್ಕೆ ಬೇಕಾದವಳು ಎಂದು ಫೋಟೋ ಸಾರ್‌ಗೆ ಗೊತ್ತಿತ್ತು. ಇಷ್ಟು ಜನಕ್ಕೆ ಬೇಕಾದವಳು ಎಂದು ಗೊತ್ತಿರಲಿಲ್ಲ. ಹಿಂದಿನ ಸಂಜೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದವಳು ಹಾಗೇ ಗೋಡೆಗೆ ಒರಗಿದ್ದಳು. ಹೃದಯ ನಿಂತಿದೆ ಎಂದರು ಡಾಕ್ಟರು. ಮಡಿಸಿದ ಬಟ್ಟೆಯ ರಾಶಿ ಇನ್ನೂ ಅಲ್ಲೇ ಇತ್ತು, ಯಾರಿಗೂ ಅದನ್ನು ಎತ್ತಿಡಲು ಮನಸ್ಸು ಬಂದಿರಲಿಲ್ಲ. ಈಗ ಅವಳು ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು.

ಬೆಂಚು ಒಳಗೆ ಬಂತು. ಜನ ಕೂತರು. ಕೂತವರೆಲ್ಲ ತಮಗೇ ತಿಳಿಯದೆ ಬೆನ್ನು ನೆಟ್ಟಗೆ ಮಾಡಿಕೊಂಡರು, ಕಾಲರ್ ಸರಿ ಮಾಡಿಕೊಂಡರು, ಎತ್ತರದವರು ತುದಿಗೆ ಸರಿದರು. ಯಾರನ್ನು ಅಂದು ಏನು ಪ್ರಯೋಜನ? ಒಂದು ವರ್ಷ ತುಂಬಿದಾಗ ಒಮ್ಮೆ, ಶಾಲೆಗೆ ಸೇರಿದಾಗ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ ಅದೇ ಹಲಗೆಯ ಮೇಲೆ ಕೂತು ಎದ್ದವರೇ ಎಲ್ಲರೂ. ಗದ್ದ ಸ್ವಲ್ಪ ಕೆಳಗೆ ಎಂಬ ಮಾತು ಫೋಟೋ ಸಾರ್ ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

ಸ್ಮಶಾನಕ್ಕೆ ಒಯ್ಯುವ ಗಾಡಿ ನಾಲ್ಕು ಗಂಟೆಗೆ ಬರುತ್ತದೆ ಎಂದು ಹೇಳಿದ್ದರು. ಅಷ್ಟರೊಳಗೆ ಅವರು ಹೆಂಡತಿಗೆ ಒಂದು ಮಾತು ಹೇಳಬೇಕಿತ್ತು. ಮೂರು ವರ್ಷದಿಂದ ನಾಳೆ, ನಾಳಿದ್ದು ಎಂದು ಮುಂದೂಡಿದ ಮಾತು. ಅವಳ ಕಿವಿಯಲ್ಲಿ ಮೆಲ್ಲಗೆ ಹೇಳಿಬಿಡೋಣವೆಂದರೆ ಒಂದು ಗಳಿಗೆಯಾದರೂ ಕೋಣೆ ಖಾಲಿಯಾಗಲೊಲ್ಲದು.

"ಎಲ್ಲ ಆ ಹಾಳು ಮಂಡಿಯಿಂದ," ಎಂದಳು ಹೆಂಡತಿಯ ಅಕ್ಕ. ತಂಗಿಯ ತಲೆಯ ಹತ್ತಿರ ಕೂತವಳು ಬೆಳಗ್ಗಿನಿಂದ ಎದ್ದಿರಲಿಲ್ಲ. "ಕಾಲು ನಿಲ್ಲದಂಗೆ ಓಡಾಡ್ಕೊಂಡಿದ್ದೋಳು. ಮಂಡಿ ನೋವು ಅಂತ ಮೂರು ವರ್ಷದಿಂದ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ಮನೇಲಿ ಕೂತು ಕೂತೇ ಎದೆ ಕೆಟ್ಟೋಯ್ತು. ಅಲ್ವಾ?"

ಅಲ್ವಾ ಎಂದದ್ದು ಫೋಟೋ ಸಾರ್ ಮುಖ ನೋಡಿ.

"ಹೂಂ," ಎಂದರು ಅವರು.

ಮಂಡಿ ನೋವು ಶುದ್ಧ ಸುಳ್ಳು. ಅದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಮಲಗಿದ್ದಳು. ಇನ್ನೊಬ್ಬರು ಹೂಂ ಎಂದು ಎದ್ದು ನೀರು ಕುಡಿಯಲು ಹೋದರು.

*

ಮಕ್ಕಳ ಫೋಟೋ ತೆಗೆಯುವುದು ಹುಡುಗಾಟವಲ್ಲ. ದೊಡ್ಡವರಿಗೆ ಹೀಗೆ ನಿಲ್ಲಿ ಎಂದರೆ ನಿಲ್ಲುತ್ತಾರೆ. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಕೈ ಎಲ್ಲಿಡಬೇಕೆಂದು ತಿಳಿಯದೆ, ಅಂತೂ ನಿಲ್ಲುತ್ತಾರೆ. ಒಂದು ವರ್ಷದ ಕೂಸಿಗೆ ಯಾರು ಹೇಳುವವರು? ದೀಪ ಕಂಡರೆ ಅಳು, ಕಪ್ಪು ಬಟ್ಟೆ ಕಂಡರೆ ಅಳು, ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರೆ ಇನ್ನೂ ದೊಡ್ಡ ಅಳು. ಆಮೇಲೆ ಅಜ್ಜಿ ಒಂದು ಕಡೆಯಿಂದ ಚಪ್ಪಾಳೆ ತಟ್ಟಬೇಕು, ಅಪ್ಪ ಇನ್ನೊಂದು ಕಡೆಯಿಂದ ಬೀಗದ ಕೈ ಆಡಿಸಬೇಕು, ಮಗು ಎರಡನ್ನೂ ಬಿಟ್ಟು ಮೇಲಿನ ಫ್ಯಾನು ನೋಡಬೇಕು. ಆ ಕಾಲದ ಒಂದು ರೀಲಿನಲ್ಲಿ ಹನ್ನೆರಡೇ ಫೋಟೋ.

ಸ್ಟುಡಿಯೋ ತೆರೆದ ಮೊದಲ ತಿಂಗಳು. ಟೈಲರ್ ಅಂಗಡಿಯ ಮೇಲಿನ ಆ ಒಂದೇ ಕೋಣೆಯಲ್ಲಿ ಒಂದು ಕೂಸು ಗಂಟೆಗಟ್ಟಲೆ ಅತ್ತು ಎಲ್ಲರ ಜೀವ ಹಿಂಡಿತ್ತು. ಹೊಸ ಹೆಂಡತಿ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅವಳಿಗೆ ನೆಗಡಿ. ಕ್ಯಾಮೆರಾದ ಹಿಂದೆ, ಗಂಡನ ಎಡ ಹೆಗಲ ಬಳಿ ನಿಂತು, ತಡೆಯಲಾಗದೆ "ಅಕ್ಷೀ" ಎಂದು ಸೀನಿದಳು. ಕೂಸು ಅಳು ನಿಲ್ಲಿಸಿತು. ಇನ್ನೊಮ್ಮೆ ಸೀನಿದಳು. ಕೂಸು ಕಣ್ಣರಳಿಸಿತು. ಮರುಗಳಿಗೆಯಲ್ಲಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಫೋಟೋ ಸಾರ್ ಒತ್ತಿದರು.

ಅಂದಿನಿಂದ ಅದೇ ಕ್ರಮವಾಯಿತು. ಕಿವಿಯ ಹಿಂದೆ ಎರಡು ಸೀನು ಕೇಳುತ್ತಿದ್ದವು; ಮೂರನೆಯದು ಬರುವಷ್ಟರಲ್ಲಿ ಮಗು ನಕ್ಕಿರುತ್ತಿತ್ತು, ಇವರು ಒತ್ತಿರುತ್ತಿದ್ದರು. ಅವಳಿಗೆ ಅಕ್ಷಿ ಅಮ್ಮ ಎಂದು ಹೆಸರು ಬಿತ್ತು. ತಾವು ಸಣ್ಣವರಿದ್ದಾಗ ನಕ್ಕವರೇ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು, "ಅಕ್ಷಿ ಅಮ್ಮ ಇದಾರಾ?" ಎಂದು ಕೇಳುತ್ತಿದ್ದರು. ಪ್ರಿಂಟು ಕೈಗೆ ಬಂದ ಮೇಲೆ ಮಾತ್ರ ಎಲ್ಲರೂ ಹೇಳುತ್ತಿದ್ದದ್ದು ಒಂದೇ: "ಏನೇ ಹೇಳಿ ಸಾರ್, ನಿಮ್ಮ ಕೈಗುಣವೇ ಬೇರೆ."

ಸಾರ್ ಇಲ್ಲ ಎನ್ನುತ್ತಿರಲಿಲ್ಲ.

*

ಎರಡು ಗಂಟೆಯ ಹೊತ್ತಿಗೆ ಔಷಧಿ ಅಂಗಡಿಯವನು ಬಾಗಿಲು ಮುಚ್ಚಿ ಬಂದ. ನಲವತ್ತರ ಹತ್ತಿರದ, ತಲೆ ಬೋಳಾಗುತ್ತಿದ್ದ ಗಟ್ಟಿ ಆಳು. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ, ಬರಿಮೈಯಲ್ಲಿ ಕೂತು ಕಿವಿಯವರೆಗೆ ನಗುವ ಕೂಸಿನ ಫೋಟೋ ಇದೆಯಲ್ಲ, ಅದು ಇವನದೇ. ತನ್ನ ಮದುವೆಗೆ ಮುಂಚೆ ಅದನ್ನು ಅಲ್ಲಿಂದ ತೆಗೆದುಬಿಡಿ ಎಂದು ಸಾರ್‌ಗೆ ಎಷ್ಟು ಗೋಗರೆದಿದ್ದನೋ ಲೆಕ್ಕವಿಲ್ಲ.

ಅವನು ಅಕ್ಷಿ ಅಮ್ಮನ ಕಾಲ ಬಳಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಫೋಟೋ ಸಾರ್ ಮಗಳ ಪಕ್ಕಕ್ಕೆ ಬಂದ.

"ಅಕ್ಕಾ, ಒಂದು ವಿಷಯ. ಈಗ ದೊಡ್ಡಮ್ಮ ಮಂಡಿ ನೋವು ಅಂತಿದ್ರಲ್ಲ. ಅಮ್ಮ ಎಲ್ಲಿ ತೋರಿಸ್ತಿದ್ರು?"

"ಯಾಕೆ?"

"ಮಂಡಿಗೆ ಅಂತ ನಮ್ಮಂಗಡೀಲಿ ಒಂದು ಮಾತ್ರೆ ತಗೊಂಡಿಲ್ಲ. ನಾನೇ ಒಂದ್ಸಲ ಮುಲಾಮು ಕೊಟ್ರೆ, ನಿಮ್ಮಮ್ಮಂಗೆ ಕೊಡು, ನನ್ನ ಮಂಡಿ ನನ್ನ ಮಾತು ಕೇಳುತ್ತೆ ಅಂದ್ರು."

ಮಗಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನನ್ನು ಅಡುಗೆಮನೆಗೆ ಕರೆದಳು. ಅವಳ ಕೈಯಲ್ಲಿ ಮಂಡಿಪಟ್ಟಿಯ ರಟ್ಟಿನ ಪೊಟ್ಟಣವಿತ್ತು. ಎರಡು ವರ್ಷದ ಕೆಳಗೆ ಅವಳೇ ತಂದುಕೊಟ್ಟದ್ದು. ಅಂಟು ಬಿಚ್ಚಿರಲಿಲ್ಲ.

"ಸಕ್ಕರೆ ಡಬ್ಬಿ ಹಿಂದೆ ಇತ್ತು," ಎಂದಳು. "ಅಪ್ಪಾ, ಅಮ್ಮಂಗೆ ನಿಜವಾಗ್ಲೂ ಮಂಡಿ ನೋವಿತ್ತಾ?"

"ವಯಸ್ಸಾದ ಮೇಲೆ ಯಾರಿಗಿರಲ್ಲ ಹೇಳು."

"ನಾನು ಕೇಳಿದ್ದು ಅಮ್ಮನ ವಿಷಯ."

ಫೋಟೋ ಸಾರ್ ಒಲೆಯ ಕಡೆ ನೋಡಿದರು, ಪಾತ್ರೆಗಳ ಕಡೆ ನೋಡಿದರು. ಮಗಳ ಮುಖ ನೋಡಲು ಆಗಲಿಲ್ಲ. ಇನ್ನು ಎರಡು ಗಂಟೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಮಂಡಿ ನೋವು ಶಾಶ್ವತವಾಗಿ ನಿಜವಾಗಿಬಿಡುತ್ತದೆ. ಯಾರೂ ಅವರನ್ನು ಒಂದು ಮಾತು ಕೇಳುವುದಿಲ್ಲ. ಹಾಗೆ ಯೋಚಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

"ಟೀ ಕೊಟ್ಯಾ ಎಲ್ಲರಿಗೂ?" ಎಂದು ಕೇಳಿ ಹೊರಗೆ ಬಂದರು.

*

ಮೂರು ವರ್ಷದ ಹಿಂದೆ, ಆವತ್ತು ಸ್ಟುಡಿಯೋಗೆ ಬಂದದ್ದು ದೊಡ್ಡ ಮನೆತನ. ಮುದುಕರಾದ ಯಜಮಾನರು, ಅವರ ಮೂವರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಒಟ್ಟು ಹನ್ನೊಂದು ಜನ. ಯಾರ ಪಕ್ಕ ಯಾರು ನಿಲ್ಲಬೇಕೆಂದು ಅರ್ಧ ಗಂಟೆ ಜಗಳವಾಗಿತ್ತು. ಯಜಮಾನರಿಗೆ ಗಂಭೀರವಾದ ಫೋಟೋ ಬೇಕು, ತೊಡೆಯ ಮೇಲಿನ ಕೂಸು ಮಾತ್ರ ನಗಬೇಕು. ಅಕ್ಷಿ ಅಮ್ಮ ಎರಡು ಸಲ ಸೀನಿದಳು. ನಕ್ಕದ್ದು ಕೂಸೊಂದೇ ಅಲ್ಲ. ಹನ್ನೊಂದೂ ಜನ ಬಾಯಿಬಿಟ್ಟು ನಕ್ಕರು. ಯಜಮಾನರ ಕಟ್ಟಿಸಿದ ಹಲ್ಲು ಅಲುಗಾಡಿತು. ಮತ್ತೆ ತೆಗೆದರು, ಮತ್ತೆ ಅದೇ ಕತೆ. ಮೂರನೆಯ ಸಲಕ್ಕೆ ಯಜಮಾನರು ನಗು ಮುಗಿಸಿ ಮುಖ ಗಂಟಿಕ್ಕಿಕೊಂಡರು. "ಏನ್ರೀ ಇದು, ಫೋಟೋನಾ, ಸರ್ಕಸ್ಸಾ?"

ಫೋಟೋ ಸಾರ್‌ಗೆ ಮೈ ಉರಿಯಿತು. ಕ್ಯಾಮೆರಾದಿಂದ ಕಣ್ಣು ಕೀಳದೆ, ಹಿಂದೆ ತಿರುಗಿಯೂ ನೋಡದೆ, ಹೇಳಿಬಿಟ್ಟರು. "ಸೀನೋದು ಬಿಟ್ಟರೆ ಇನ್ನೇನು ಬರುತ್ತೆ ನಿನಗೆ? ಹೋಗು, ಮನೇಲಿ ಕೂತು ಸೀನು."

ಹನ್ನೊಂದು ಜನ ಇನ್ನೊಮ್ಮೆ ನಕ್ಕರು. ಅವಳೂ ಅವರ ಜೊತೆ ನಕ್ಕಳು. ಕೂಸಿನ ಮೂಗು ಒರೆಸಿದಳು, ಚೀಲ ತಗೊಂಡಳು, ಮೆಟ್ಟಿಲು ಇಳಿದಳು.

ಮಾರನೆಯ ಬೆಳಗ್ಗೆ ಇವರು ಚಪ್ಪಲಿ ಮೆಟ್ಟಿಕೊಳ್ಳುವಾಗ, "ಮಂಡಿ ನೋವು ಕಣ್ರೀ, ಮೆಟ್ಟಿಲು ಹತ್ತಕ್ಕಾಗಲ್ಲ," ಎಂದಳು. ಇವರು "ಸರಿ" ಎಂದರು. ಅದೇ ವಾರ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಏರು ಹತ್ತಿ ಬರುತ್ತಿದ್ದವಳನ್ನು ಎದುರಿಗೇ ಕಂಡರು. ಅವಳೂ ಕಂಡಳು. ಇಬ್ಬರೂ ಕಾಣದವರಂತೆ ಇದ್ದರು. ಸ್ಟುಡಿಯೋದಲ್ಲಿ ಅಮ್ಮ ಎಲ್ಲಿ ಎಂದವರಿಗೆ ಮಂಡಿ ನೋವು ಎಂದು ಇವರೇ ಹೇಳತೊಡಗಿದರು. ಹೀಗೆ ಆ ಸುಳ್ಳನ್ನು ಗಂಡ ಹೆಂಡತಿ ಸೇರಿ ಮೂರು ವರ್ಷ ಸಾಕಿದರು.

ತಾವೇ ಸೀನಿಯೂ ನೋಡಿದರು. ಮಕ್ಕಳು ಚೀರಿದವು. ಒಬ್ಬ ತಾಯಿಯಂತೂ ಮಗುವನ್ನು ಎತ್ತಿಕೊಂಡು, "ಸಾರ್, ನಿಮಗೆ ನೆಗಡಿ ಇದ್ದರೆ ಇನ್ನೊಂದಿನ ಬರ್ತೀವಿ," ಎಂದು ಹೊರಟೇಹೋದಳು. ಮೆಲ್ಲಮೆಲ್ಲಗೆ ಮಕ್ಕಳು ಬರುವುದು ನಿಂತಿತು. ಅರ್ಜಿಗೆ ಅಂಟಿಸುವ ಸಣ್ಣ ಫೋಟೋಗಳು ಉಳಿದವು. ಪ್ರತಿ ಸಂಜೆ ಮನೆಗೆ ಬರುವಾಗ ಇವತ್ತು ಹೇಳಿಬಿಡಬೇಕು, ತಪ್ಪಾಯಿತು, ನಾಳೆಯಿಂದ ಬಾ ಎಂದು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದರು. ಅವಳು ಬಾಗಿಲು ತೆಗೆಯುತ್ತಿದ್ದಳು. ಇವರು ಊಟಕ್ಕೇನಿದೆ ಎಂದು ಕೇಳುತ್ತಿದ್ದರು.

*

ನಾಲ್ಕಕ್ಕೆ ಕಾಲು ಗಂಟೆ ಇತ್ತು. ಜನ ಎದ್ದು ಹೂವು ಸರಿಪಡಿಸುತ್ತಿದ್ದರು. ಹೆಂಡತಿಯ ಅಕ್ಕ ಹೊದಿಕೆಯ ಮೇಲಿನಿಂದಲೇ ತಂಗಿಯ ಮಂಡಿ ನೀವುತ್ತಿದ್ದಳು. "ಇನ್ನು ನೋವಿಲ್ಲ ಬಿಡು, ಇನ್ನು ನೋವಿಲ್ಲ," ಎನ್ನುತ್ತಿದ್ದಳು.

ಅದನ್ನು ನೋಡಿ ಫೋಟೋ ಸಾರ್‌ಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಅವಳಿಗೆ ಮಂಡಿ ನೋವಿರಲಿಲ್ಲ," ಎಂದರು.

ಕೋಣೆಯಲ್ಲಿದ್ದವರೆಲ್ಲ ತಿರುಗಿದರು.

"ನಾನೇ ಅವಳನ್ನ ಕಳಿಸಿದ್ದು. ಹನ್ನೊಂದು ಜನದ ಮುಂದೆ ಅವಮಾನ ಮಾಡಿ ಕಳಿಸಿದೆ. ಮನೇಲಿ ಕೂತು ಸೀನು ಅಂದೆ. ನನ್ನ ಮರ್ಯಾದೆ ಉಳಿಸೋಕೆ ಅವಳು ಮಂಡಿ ನೋವು ಅಂದ್ಲು. ನಾನೂ ಹಾಗೇ ಹೇಳ್ಕೊಂಡು ತಿರುಗಿದೆ." ಅವರು ಹೆಂಡತಿಯ ಪಕ್ಕ ಕಷ್ಟಪಟ್ಟು ಕೂತರು. "ತಪ್ಪಾಯ್ತು ಕಣೇ. ನೀನಿಲ್ದೆ ಒಂದು ಮಗೂನೂ ನಗಲಿಲ್ಲ."

ಟೈಲರ್ ನೆಲ ನೋಡುತ್ತ ನಿಂತಿದ್ದ. "ಆವತ್ತು ಇಳಿದು ಬಂದು ನಮ್ಮಂಗಡೀಲಿ ಕೂತಿದ್ರು," ಎಂದ. "ನಾನು ಏನೂ ಕೇಳಲಿಲ್ಲ. ಎರಡು ಅಂಗಿಗೆ ಗುಂಡಿ ಹೊಲಿದುಕೊಟ್ಟು ಎದ್ದು ಹೋದ್ರು."

"ಮೂರು ವರ್ಷ," ಎಂದಳು ಹೆಂಡತಿಯ ಅಕ್ಕ. "ಒಂದು ಸಲ ಬಾ ಅನ್ನೋಕೆ ಬಾಯಿ ಬರಲಿಲ್ವಾ ನಿಮಗೆ?"

"ಬರಲಿಲ್ಲ."

ಮಗಳು ಅಳುತ್ತಿದ್ದಳು, ಆದರೆ ಬಂದು ಅಪ್ಪನ ಪಕ್ಕದಲ್ಲೇ ಕೂತಳು.

"ನಾನೂ ಸೀನಿದೆ," ಎಂದರು ಫೋಟೋ ಸಾರ್, ಯಾರಿಗೆಂದಿಲ್ಲದೆ. "ಅವಳ ಹಾಗೇ, ಅಷ್ಟೇ ಜೋರಾಗಿ, ಮೂರು ಸಲ. ಮಕ್ಕಳು ಅಳೋವು."

"ಮೂರು ಸಲ ಸೀನಿದ್ರಾ?" ಎಂದ ಔಷಧಿ ಅಂಗಡಿಯವನು. "ಅದಕ್ಕೇ ಮತ್ತೆ. ಅಮ್ಮ ಮೂರನೇದು ಸೀನ್ತಿರಲಿಲ್ಲ ಸಾರ್."

"ಅಂದ್ರೆ?"

"ಮೂರನೇದು ಬರ್ತಾನೇ ಇರಲಿಲ್ಲ. ಬಂತು ಬಂತು ಅಂತ ಮುಖ ಮಾಡೋರು, ಅಷ್ಟೇ. ನಾವು ನಗ್ತಿದ್ದದ್ದು ಆ ಮುಖಕ್ಕೆ. ನನ್ನ ಮಗಳನ್ನ ಕರ್ಕೊಂಡು ಬಂದಾಗಲೂ ನೋಡಿದೀನಿ. ನೀವು ನೋಡಿಲ್ವಾ?"

ಫೋಟೋ ಸಾರ್ ಅವನನ್ನೇ ದಿಟ್ಟಿಸಿದರು. ಅವಳು ನಿಲ್ಲುತ್ತಿದ್ದದ್ದು ಅವರ ಎಡ ಹೆಗಲ ಹಿಂದೆ. ಅವರ ಕಣ್ಣು ಕ್ಯಾಮೆರಾದಲ್ಲಿ. ತಿರುಗಿದ್ದರೆ ಫೋಟೋ ತಪ್ಪುತ್ತಿತ್ತು. ಊರಿನ ಮಕ್ಕಳೆಲ್ಲ ಕಂಡ ಮುಖವನ್ನು ಅವರು ಒಂದು ಸಲವೂ ಕಂಡಿರಲಿಲ್ಲ.

"ಇಲ್ಲ," ಎಂದರು. ಆಮೇಲೆ ಕೇಳಿದರು, "ಹೇಗಿರ್ತಿತ್ತು? ತೋರಿಸು."

"ಈಗ್ಲಾ ಸಾರ್? ಇಲ್ಲೇನಾ?"

"ತೋರಿಸಪ್ಪ."

ಔಷಧಿ ಅಂಗಡಿಯವನು ಸುತ್ತ ನೋಡಿದ. ಗಂಟಲು ಸರಿ ಮಾಡಿಕೊಂಡ. ಎಡಗಣ್ಣು ಮುಚ್ಚಿ, ಬಾಯಿ ತೆರೆದು, ಮೂಗು ಮೇಲೆತ್ತಿದ.

"ಹಾಗಲ್ಲ," ಎಂದಳು ಮಗಳು ಕಣ್ಣೊರೆಸಿಕೊಳ್ಳುತ್ತ. "ಬಲಗಣ್ಣು ಮೂಗಿನ ತುದಿ ನೋಡಬೇಕು. ಹೀಗೆ." ಅವಳೂ ಮಾಡಿದಳು.

"ಒಂದು ಬೆರಳು ಮೇಲೆ ಮಾಡೋಳು," ಎಂದಳು ಹೆಂಡತಿಯ ಅಕ್ಕ. ದನಿಯಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ. "ತಡೀರಿ, ಬಂತು, ಅನ್ನೋ ಥರ. ಸಣ್ಣವಳಿದ್ದಾಗಿಂದ ಹಾಗೇ." ಅವಳೂ ಬೆರಳೆತ್ತಿ, ಬಾಯಿ ತೆರೆದಳು. ಟೈಲರ್ ಮೇಲ್ದುಟಿಯನ್ನು ಎಳೆದುಕೊಂಡ. ಗೋಡೆಗೆ ಒರಗಿ ನಿಂತಿದ್ದವರು, ಬಾಗಿಲಲ್ಲಿದ್ದವರು, ಒಬ್ಬೊಬ್ಬರಾಗಿ ಮುಖ ಮೇಲೆತ್ತಿದರು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಯಾರೂ ಮುಖ ಇಳಿಸಲಿಲ್ಲ, ಯಾರೂ ಸೀನಲಿಲ್ಲ. ಅತ್ತು ಕೆಂಪಾದ ಆ ಮುಖಗಳನ್ನು ಫೋಟೋ ಸಾರ್ ಒಂದೊಂದಾಗಿ, ಒಂದನ್ನೂ ಬಿಡದೆ ನೋಡಿದರು. ನೋಡುತ್ತ ನೋಡುತ್ತ, ಹೆಂಡತಿಯ ಕೈ ಹಿಡಿದುಕೊಂಡು, ಹೆಗಲು ಅಲುಗುವಂತೆ ನಕ್ಕುಬಿಟ್ಟರು.