ತಿದ್ದದ ಹಾಳೆಗಳು

“ನಮ್ಮ ಮನೆಯಲ್ಲಿ ಒಂದು ಆಕಳು ಇದೆ. ಅದರ ಹೆಸರು ಗೌರಿ,” ಎಂದು ನಾಗೇಂದ್ರಪ್ಪನವರು ಓದಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ದಾಕ್ಷಾಯಣಮ್ಮನವರ ಕಿವಿ ಬಿಸಿಯಾಯಿತು. ಮುಂದಿನ ಸಾಲು ಏನೆಂದು ಅವರಿಗೆ ಗೊತ್ತಿತ್ತು. ಗೌರಿಯ ಬಣ್ಣ ಬಿಳುಪು, ಅದರ ಕಣ್ಣುಗಳು ವಿಶಾಲ. ಇಪ್ಪತ್ತಮೂರು ವರ್ಷಗಳಿಂದ ಕೊಟ್ಟೂರಿನ ಹೆಣ್ಣುಮಕ್ಕಳ ಶಾಲೆಯ ಕರಿಹಲಗೆಯ ಮೇಲೆ ಅವರೇ ಬರೆಯುತ್ತ ಬಂದ ಸಾಲುಗಳು ಅವು.

ಆದರೆ ನಾಗೇಂದ್ರಪ್ಪನವರ ಕೈಯಲ್ಲಿದ್ದ ಹಾಳೆ ಅವರದಲ್ಲ, ಹುಲುಗಮ್ಮನದು. ಚಿಗಟೇರಿಯ ಶಾಲೆಯಲ್ಲಿ ಟೀಚರಾಗಿದ್ದ ಹುಲುಗಮ್ಮ ಹದಿನೈದು ವರ್ಷದ ಹಿಂದೆ ದಾಕ್ಷಾಯಣಮ್ಮನವರ ತರಗತಿಯಲ್ಲಿ, ಬಾಗಿಲ ಪಕ್ಕದ ಸಾಲಿನಲ್ಲಿ ಕೂತು ಓದಿದವಳು. ಈಗ ಎರಡು ಬೆಂಚು ಮುಂದೆ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

“ನಮ್ಮ ತರಗತಿಯಲ್ಲಿ ನಲವತ್ತೆರಡು ಹುಡುಗಿಯರಿದ್ದೆವು, ನಲವತ್ತೆರಡು ಗೌರಿಗಳಿದ್ದವು. ನಮ್ಮ ಮನೆಯಲ್ಲಿ ಆಕಳಿರಲಿಲ್ಲ. ಒಂದು ಆಡು ಇತ್ತು, ಅದಕ್ಕೆ ಹೆಸರಿರಲಿಲ್ಲ. ಪರೀಕ್ಷೆಯಲ್ಲಿ ಗೌರಿಗೆ ಹತ್ತಕ್ಕೆ ಒಂಬತ್ತು ಬಂತು. ಓಡಿ ಹೋಗಿ ನಮ್ಮವ್ವನಿಗೆ ಹೇಳಿದೆ. ‘ಅಷ್ಟ್ ಚಲೋ ಆಕಳನ್ನ ಎಲ್ಲಿ ಕಟ್ಟೀಯವ್ವ?’ ಅಂತ ಕೇಳಿದಳು.”

ಈ ಸಲ ಕೋಣೆಯ ತುಂಬ ನಗೆ ಹರಡಿತು. ತರಬೇತಿಗೆ ಬಂದಿದ್ದ ಮೂವತ್ತೊಂದು ಟೀಚರುಗಳಲ್ಲಿ ಅರ್ಧಕ್ಕರ್ಧ ಜನ ದಾಕ್ಷಾಯಣಮ್ಮನವರ ಪ್ರಬಂಧದ ನೋಟ್‌ಬುಕ್ಕನ್ನು ಎರವಲು ಪಡೆದು ನಕಲು ಮಾಡಿಕೊಂಡವರೇ. ಹರಪನಹಳ್ಳಿ ಕಡೆಯ ಉಚ್ಚಂಗೆಪ್ಪ ಮಾಸ್ತರರು ಹಿಂದಿನಿಂದ ಬಗ್ಗಿ, “ಟೀಚರ್, ಗೌರಿ ಇನ್ನಾ ಹಾಲು ಕೊಡ್ತೈತೇನ್ರೀ?” ಎಂದರು.

“ನೀವು ಅದರ ಹಾಲು ಕುಡಿದೇ ದೊಡ್ಡೋರಾದೋರು. ನಿಮಗಽ ಗೊತ್ತಿರಬೇಕಲ್ರಿ,” ಎಂದರು ದಾಕ್ಷಾಯಣಮ್ಮ, ತಿರುಗದೆ.

ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ನಡೆಯುತ್ತಿದ್ದ ಹತ್ತು ದಿನಗಳ ತರಬೇತಿ ಅದು. ಮಕ್ಕಳಿಗೆ ಬರೆಯುವುದನ್ನು ಕಲಿಸುವುದು ಹೇಗೆಂದು ಕನ್ನಡ ಟೀಚರುಗಳಿಗೆ ಕಲಿಸಲು ನಾಗೇಂದ್ರಪ್ಪನವರು ಬಳ್ಳಾರಿಯಿಂದ ಬಂದಿದ್ದರು. ಬರೆಸುವವರು ಮೊದಲು ತಾವು ಬರೆಯಬೇಕೆಂದು ಎರಡನೆಯ ದಿನವೇ ಎಲ್ಲರ ಕೈಗೂ ಹಾಳೆ ಕೊಟ್ಟಿದ್ದರು. ವಿಷಯ, ‘ನಾನು ಬರೆದ ಮೊದಲ ಪ್ರಬಂಧ’. ದಾಕ್ಷಾಯಣಮ್ಮ ಎರಡು ಪುಟ ಬರೆದಿದ್ದರು. ‘ಬಾಲ್ಯವು ಮಾನವ ಜೀವನದ ಸುವರ್ಣಕಾಲ’ ಎಂದು ಆರಂಭ, ಒಂದೂ ಹೊಡೆದುಹಾಕಿದ ಗುರುತಿಲ್ಲ. ಅದು ಅವರಿಗೆ ಮರಳಿ ಬಂದಾಗ ಕೆಳಗೆ ಒಂದು ಸಣ್ಣ ಸರಿ ಗುರುತು ಮಾತ್ರ ಇತ್ತು.

ಶಿಬಿರದಿಂದ ಒಬ್ಬರನ್ನು ಒಂದು ತಿಂಗಳ ಮುಂದಿನ ತರಬೇತಿಗೆ ಮೈಸೂರಿಗೆ ಕಳಿಸುವವರಿದ್ದರು. ಅಲ್ಲಿಂದ ಬಂದವರು ಈ ಕಡೆಯ ತಾಲ್ಲೂಕುಗಳ ಟೀಚರುಗಳಿಗೆಲ್ಲ ತರಬೇತಿ ಕೊಡುವವರಾಗುತ್ತಾರೆ. “ಆ ಜಾಗಕ್ಕೆ ನಿಮ್ಮ ಹೆಸರು ಬಿಟ್ಟರೆ ಬೇರೆ ಯಾರ ಹೆಸರೈತಿ?” ಎಂದು ಇನ್‌ಸ್ಪೆಕ್ಟರ್ ವೀರಭದ್ರಯ್ಯನವರು ಬೇಸಿಗೆಯಲ್ಲೇ ಹೇಳಿದ್ದರು. ಅಂದಿನಿಂದ ದಾಕ್ಷಾಯಣಮ್ಮ ಆ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಬರುವಾಗ ಹೊಸ ಇಳಕಲ್ ಸೀರೆಯನ್ನೂ ತಂದಿದ್ದರು. ಕೊನೆಯ ದಿನಕ್ಕೆ.

ಮೊದಲ ದಿನ ಅವರೇ ಹುಲುಗಮ್ಮನ ಕೈ ಹಿಡಿದು ಎಲ್ಲರಿಗೂ ತೋರಿಸಿದ್ದರು. “ನನ್ನ ವಿದ್ಯಾರ್ಥಿನಿ ರಿ. ಊರ ಹೊರಗಿನ ಆ ಓಣಿಯಿಂದ ಮೊದಲು ನೌಕರಿಗೆ ಬಂದಾಕಿ ಈಕಿನ.” ಅಂದು ಆ ಮಾತು ಹೇಳುವಾಗ ಬಾಯಿ ಸಿಹಿಯಾಗಿತ್ತು. ಈಗ ಚಹಾದ ಹೊತ್ತಿನಲ್ಲಿ ಅವರು ನೋಡುತ್ತಿದ್ದುದೇ ಬೇರೆ. ಹುಲುಗಮ್ಮನಿಗೆ ಯಾರು ಲೋಟ ಎತ್ತಿ ಕೊಟ್ಟರು, ಯಾರು ಬೆಂಚಿನಲ್ಲಿ ಸರಿದು ಜಾಗ ಮಾಡಿದರು, ನಾಗೇಂದ್ರಪ್ಪನವರು ‘ಹುಲುಗಮ್ಮನವರೇ’ ಎಂದು ಎಷ್ಟು ಸಲ ಕರೆದರು. ದಾಕ್ಷಾಯಣಮ್ಮ ಅವಳನ್ನು ಯಾವಾಗಲೂ ಕರೆಯುತ್ತಿದ್ದುದು ‘ಹುಲುಗಿ’ ಎಂದೇ.

“ಟೀಚರ್, ಸಿಟ್ಟಾಗೀರೇನ್ರಿ?” ಹುಲುಗಮ್ಮ ಹತ್ತಿರ ಬಂದು ಕೇಳಿದಳು. “ನಿಮ್ಮ ಹೆಸರು ಬರದಿಲ್ರಿ ನಾನು.”

“ಸಿಟ್ಟ್ಯಾಕ? ಚಲೋ ಬರದೀ,” ಎಂದರು ದಾಕ್ಷಾಯಣಮ್ಮ. “ಬರಿಯಾಕ ಕಲಿಸಿದಾಕಿ ನಾನಽ ಅಲ್ಲೇನು.”

“ಹೌದ್ರಿ. ಅದಕ್ಕಽ ಬರದದ್ದು,” ಎಂದಳು ಅವಳು. ಆ ಉತ್ತರದಲ್ಲಿ ಕೊಂಕು ಎಲ್ಲಿದೆಯೆಂದು ದಾಕ್ಷಾಯಣಮ್ಮ ಸಂಜೆಯವರೆಗೆ ಹುಡುಕಿದರು. ಸಿಗಲಿಲ್ಲ. ಸಿಕ್ಕಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಶುಕ್ರವಾರ ಸಂಜೆ ನಾಗೇಂದ್ರಪ್ಪನವರು ಎಲ್ಲರನ್ನೂ ಊರಿಗೆ ಬಿಟ್ಟರು. ಶನಿವಾರ ಬೆಳಗಿನ ಶಾಲೆಯಲ್ಲಿ ತಮ್ಮ ತಮ್ಮ ಮಕ್ಕಳಿಂದ ‘ಮೊನ್ನೆ ನಮ್ಮ ಮನೆಯಲ್ಲಿ ನಡೆದದ್ದು’ ಎಂಬುದರ ಬಗ್ಗೆ ಬರೆಸಬೇಕು, ಹತ್ತು ಹಾಳೆ ಆರಿಸಿ ಸೋಮವಾರ ತರಬೇಕು. “ಒಂದು ಷರತ್ತು. ಯಾರೂ ತಿದ್ದಬಾರದು. ಕೆಂಪು ಮಸಿ ಬಿದ್ದ ಹಾಳೆ ನಾನು ಓದೋದಿಲ್ಲ. ಮೈಸೂರಿಗೆ ಯಾರು ಅನ್ನೋದು ಆ ಹಾಳೆಗಳೇ ಹೇಳ್ತವೆ,” ಎಂದರು.

ಶನಿವಾರ ಕೊಟ್ಟೂರಿನ ಏಳನೇ ತರಗತಿಯಲ್ಲಿ ದಾಕ್ಷಾಯಣಮ್ಮ ವಿಷಯವನ್ನಷ್ಟೇ ಹಲಗೆಯ ಮೇಲೆ ಬರೆದು ಕುರ್ಚಿಯಲ್ಲಿ ಕೂತರು. ಹುಡುಗಿಯರು ಪೆನ್ನು ಹಿಡಿದು ಕಾದರು.

“ಬರೀರಿ,” ಎಂದರು ಅವರು.

“ನೀವು ಬರದ ಮ್ಯಾಲೆ ಬರಿತೀವ್ರಿ ಟೀಚರ್,” ಎಂದಳು ಮೊದಲ ಸಾಲಿನವಳು.

“ನಾನು ಬರಿಯಂಗಿಲ್ಲ ಇವತ್ತು. ನಿಮ್ಮ ಮನ್ಯಾಗ ನಡದದ್ದು ನನಗೇನು ಗೊತ್ತು?”

“ನಮ್ಮ ಮನ್ಯಾಗ ಏನೂ ನಡದಿಲ್ರಿ,” ಎಂದಳು ಇನ್ನೊಬ್ಬಳು. ಉಳಿದವರೂ ತಮ್ಮ ಮನೆಗಳಲ್ಲೂ ಏನೂ ನಡೆದಿಲ್ಲವೆಂದರು. ಗಂಟೆ ಹೊಡೆಯುವ ಹೊತ್ತಿಗೆ ಎಲ್ಲರೂ ಏನೋ ಬರೆದಿದ್ದರು. ಮೂವತ್ತೆಂಟು ಮನೆಗಳಿಗೆ ಮೊನ್ನೆ ಅತಿಥಿಗಳು ಬಂದಿದ್ದರು. ತಾಯಿ ಅವರನ್ನು ಆದರದಿಂದ ಸತ್ಕರಿಸಿದ್ದರು. ಅತಿಥಿ ಸತ್ಕಾರವು ನಮ್ಮ ಸಂಸ್ಕೃತಿಯಾಗಿತ್ತು. ಹಿಂದಿನ ವರ್ಷ ಅವರು ಬರೆಸಿದ ಪ್ರಬಂಧ ಅದು. ಅಕ್ಷರ ಮುತ್ತಿನಂತಿತ್ತು, ಒಂದು ತಪ್ಪಿರಲಿಲ್ಲ. ದಾಕ್ಷಾಯಣಮ್ಮ ಹತ್ತು ಹಾಳೆ ಆರಿಸಿದರು. ಯಾವ ಹತ್ತಾದರೂ ಆಗುತ್ತಿತ್ತು.

ಭಾನುವಾರ ಸಂಜೆ ಚಿಗಟೇರಿ ಕಡೆಯಿಂದ ಬಂದ ಬಸ್ಸಿನಲ್ಲಿ ಹುಲುಗಮ್ಮ ಕಿಟಕಿಯಿಂದ ಕೈಬೀಸಿದಳು. ಚೀಲ ಇಟ್ಟು ಅವರಿಗೊಂದು ಸೀಟು ಹಿಡಿದಿದ್ದಳು. ದಾರಿಯುದ್ದಕ್ಕೂ ಮಾತು. “ಒಂದು ತಾಸು ಯಾರೂ ತಲಿ ಎತ್ತಿಲ್ರಿ ಟೀಚರ್. ಬೆಲ್ ಹೊಡದ್ರೂ ಏಳವಲ್ವು. ಏನೇನು ಬರದಾವ ಅಂತೀರಿ.” ದಾಕ್ಷಾಯಣಮ್ಮ ಕಿಟಕಿಯ ಹೊರಗೆ ಶೇಂಗಾ ಹೊಲ ನೋಡುತ್ತ ಕೂತರು.

ಹೆಂಗಸರಿಗೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಳಿದುಕೊಳ್ಳಲು ಕೋಣೆ ಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ ನಳದಲ್ಲಿ ನೀರು ಬಂದಾಗ ಹುಲುಗಮ್ಮ ಬಕೆಟ್ ಹಿಡಿದು ಹೊರಟವಳು ತಿರುಗಿ ಬಂದು ಹಾಳೆಗಳ ಕಟ್ಟನ್ನು ದಾಕ್ಷಾಯಣಮ್ಮನವರ ಮಂಚದ ಮೇಲಿಟ್ಟಳು.

“ಒಂದೀಟು ಓದಿ ನೋಡ್ರಿ ಟೀಚರ್. ಸಾಹೇಬರು ಏನಂತಾರೋ ಏನೋ. ನೀವು ಚಲೋ ಅದಾವ ಅಂದ್ರ ನನಗ ಧೈರ್ಯ.”

ಮೇಲಿನ ಹಾಳೆ ಆರನೇ ತರಗತಿಯ ಮಾರೆಮ್ಮ ಎಂಬ ಹುಡುಗಿಯದು. ಅಕ್ಷರ ಗೆರೆ ಬಿಟ್ಟು ಏರಿಳಿದಿತ್ತು. ‘ಮೊನ್ನಿ ನಮ್ಮ ಅಕ್ಕನ್ನ ನೋಡಾಕ ಬಂದಿದ್ರು. ಹುಡುಗನಿಗೆ ಓದು ಬರಾ ಹುಡುಗಿ ಬೇಕಂತ. ನಮ್ಮ ಅಕ್ಕ ಸಾಲಿಗೆ ಬಂದಿಲ್ಲ. ನಮ್ಮಪ್ಪ ಬರತೈತಿ ಅಂತ ಹೇಳ್ಯಾನ. ಅದಕ್ಕ ನಾನು ಎರಡು ದಿನ ಅಕ್ಕಗ ಅಕಿ ಹೆಸರು ಬರಿಯಾದು ಕಲಿಸಿದೆ. ಬಸಲಿಂಗಮ್ಮ ಅಂತ. ಅವರು ನನ್ನ ಪಾಟಿ ಕೊಟ್ಟು ಬರಿ ಅಂದ್ರು. ಬರದಳು. ಇನ್ನೊಂದು ಏನರ ಬರಿಯವ್ವ ಅಂದ್ರು. ಅಕ್ಕ ಪಾಟಿ ತಿರುವಿ ಹಾಕಿ ಮತ್ತ ಬಸಲಿಂಗಮ್ಮ ಅಂತ ಬರದಳು.’

ಅದರ ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ದಾಕ್ಷಾಯಣಮ್ಮ ಅವನ್ನು ಎರಡು ಸಲ ಓದಿದರು. ಹೊರಗೆ ನಳದ ಹತ್ತಿರ ಹುಲುಗಮ್ಮ ಯಾರೊಂದಿಗೋ ನಗುವುದು ಕೇಳುತ್ತಿತ್ತು. ಇಪ್ಪತ್ತಮೂರು ವರ್ಷದಲ್ಲಿ ಸಾವಿರ ಹುಡುಗಿಯರಾದರೂ ಅವರ ಕೈಕೆಳಗೆ ದಾಟಿ ಹೋಗಿರಬೇಕು. ಅವರಲ್ಲಿ ಒಬ್ಬಳೂ ಅವರಿಗೆ ಇಂಥದ್ದನ್ನು ಹೇಳಿರಲಿಲ್ಲ. ಇವಳಿಗೆ ನೌಕರಿ ಸಿಕ್ಕು ನಾಲ್ಕು ವರ್ಷ.

ಕೆಂಪು ಮಸಿಯ ಪೆನ್ನು ಚೀಲದಲ್ಲೇ ಇತ್ತು. ‘ಮೊನ್ನಿ’ ಎಂಬುದನ್ನು ‘ಮೊನ್ನೆ’ ಮಾಡಿದರು. ಮೊದಲ ಗೆರೆ ಅಭ್ಯಾಸದಿಂದ ಬಿತ್ತು. ಎರಡನೆಯದು ಹಾಗಲ್ಲ. ‘ನೋಡಲು’, ‘ಬಂದಿದ್ದರು’, ‘ಹೇಳಿದ್ದಾರೆ’. ಕೆಳಗಿನ ನಾಲ್ಕು ಸಾಲುಗಳನ್ನು ಒತ್ತಿ ಒತ್ತಿ ಹೊಡೆದುಹಾಕಿ, ಅಂಚಿನಲ್ಲಿ ‘ಅನಗತ್ಯ’ ಎಂದು ಬರೆದರು. ಒಂದು ಹಾಳೆಗೆ ನಿಲ್ಲಬಹುದಿತ್ತು. ಹತ್ತನ್ನೂ ತಿದ್ದಿದರು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು.

ಹುಲುಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದವಳು ಹಾಳೆ ನೋಡಿ ನಿಂತಳು.

“ಕೈ ತಡೀಲಿಲ್ಲ ನೋಡು,” ಎಂದರು ದಾಕ್ಷಾಯಣಮ್ಮ. “ತಪ್ಪು ಭಾಳ ಇದ್ವು. ಎಲ್ಲಾರ ಮುಂದ ನಿನಗಽ ಅವಮಾನ ಆಗ್ತಿತ್ತು.”

ಹುಲುಗಮ್ಮ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಹತ್ತನೆಯದು ಮುಗಿದ ಮೇಲೆ ಮತ್ತೆ ಮೊದಲನೆಯದನ್ನು ಮೇಲಿಟ್ಟಳು. “ಆತ್ರಿ,” ಎಂದಳು. “ಹೊತ್ತಾತು. ನಡೀರಿ.”

ತರಗತಿಯಲ್ಲಿ ನಾಗೇಂದ್ರಪ್ಪನವರ ಮುಂದೆ ಮೂವತ್ತೊಂದು ಕಟ್ಟುಗಳಿದ್ದವು. ಅವರು ಮೊದಲು ಹುಡುಕಿ ತೆಗೆದದ್ದು ಹುಲುಗಮ್ಮನದನ್ನೇ. ತೆರೆದರು, ಎರಡು ಹಾಳೆ ಮಗುಚಿದರು, ಕನ್ನಡಕ ತೆಗೆದರು.

“ಹುಲುಗಮ್ಮನವರೇ, ಇದನ್ನ ಯಾರು ತಿದ್ದಿದ್ದು?”

ಅವಳು ಎದ್ದು ನಿಂತಳು. ದಾಕ್ಷಾಯಣಮ್ಮನವರಿಗೆ ಕಾಣುತ್ತಿದ್ದುದು ಅವಳ ಬೆನ್ನು, ಇನ್ನೂ ಒಣಗದ ಜಡೆ. ಈಗ ಹೇಳುತ್ತಾಳೆ ಎಂದು ಮೇಜಿನ ಅಂಚನ್ನು ಹಿಡಿದುಕೊಂಡರು. ತಾವೇ ಎದ್ದು ಹೇಳಿಬಿಡಲು ಆಗಲೂ ಹೊತ್ತಿತ್ತು.

“ನಾನ ರಿ ಸರ್,” ಎಂದಳು ಹುಲುಗಮ್ಮ.

“ತಿದ್ದಬಾರದು ಅಂತ ಹೇಳಿದ್ದೆ.”

“ಹೌದ್ರಿ. ಅಂಜಿಕಿ ಆತ್ರಿ.”

ನಾಗೇಂದ್ರಪ್ಪನವರು ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಕೆಂಪು ಅಕ್ಷರ ಯಾರದೆಂದು ನೋಡುವಷ್ಟು ತಾಳ್ಮೆ ಅವರಿಗಿರಲಿಲ್ಲ; ಅವರಿಗೆ ನಿಜಕ್ಕೂ ನಿರಾಸೆಯಾಗಿತ್ತು. “ನಿಮಗೆ ಬರೆಯೋಕೆ ಬರುತ್ತೆ. ಮಕ್ಕಳು ಬರೆಯುವಾಗ ಸುಮ್ಮನಿರೋಕೆ ಬರೋದಿಲ್ಲ. ಕಲಿಸುವವರಿಗೆ ಎರಡನೆಯದೇ ಹೆಚ್ಚು ಬೇಕು,” ಎಂದರು. ಅವಳು ತಲೆಯಾಡಿಸಿ ಕೂತಳು. ಉಳಿದ ಕಟ್ಟುಗಳಲ್ಲಿ ಯಾವುದೂ ಅವರನ್ನು ಹಿಡಿದು ನಿಲ್ಲಿಸಲಿಲ್ಲ; ಹೆಸರು ಆರಿಸುವುದನ್ನು ಇನ್‌ಸ್ಪೆಕ್ಟರರಿಗೇ ಬಿಟ್ಟರು.

ಬುಧವಾರ ಮಧ್ಯಾಹ್ನ, ಕೊನೆಯ ದಿನ, ವೀರಭದ್ರಯ್ಯನವರು ಬಂದು ಹೆಸರು ಓದಿದರು. ಇಳಕಲ್ ಸೀರೆಯುಟ್ಟ ದಾಕ್ಷಾಯಣಮ್ಮ ಎದ್ದು ಕೈಮುಗಿದರು. ಚಪ್ಪಾಳೆಯಾಯಿತು. ನಾಗೇಂದ್ರಪ್ಪನವರು ಚಪ್ಪಾಳೆ ತಟ್ಟಿದರು, ಆದರೆ ಆ ಹೊತ್ತಿಗೆ ಅವರ ಕಣ್ಣು ಬಸ್ಸಿನ ವೇಳೆ ನೋಡಲು ಗಡಿಯಾರದ ಮೇಲಿತ್ತು. “ಮೈಸೂರಿಗೆ ಹೊಂಟ್ರಿ. ಗೌರಿನ್ನ ಯಾರ ಕೈಯಾಗ ಬಿಟ್ಟು ಹೋಗ್ತೀರಿ?” ಎಂದರು ಉಚ್ಚಂಗೆಪ್ಪ ಮಾಸ್ತರರು. ಎಲ್ಲರೂ ನಕ್ಕರು, ದಾಕ್ಷಾಯಣಮ್ಮನೂ ನಕ್ಕರು. ಹುಲುಗಮ್ಮ ಬಂದು, “ಚಲೋ ಆತ್ರಿ ಟೀಚರ್,” ಎಂದು ಕಾಲು ಮುಟ್ಟಿದಳು. ಅವಳ ಮುಖದಲ್ಲಿ ಏನಾದರೂ ಇರಬಹುದೆಂದು ಅವರು ಬಗ್ಗಿ ನೋಡಿದರು.

ಕೋಣೆಗೆ ಬಂದು ದಾಕ್ಷಾಯಣಮ್ಮ ಸೀರೆ ಬದಲಿಸಿ ಟ್ರಂಕು ತೆರೆದಾಗ, ಹುಲುಗಮ್ಮ ಕಿಟಕಿಯ ಬಳಿ ಚಾಪೆಯ ಮೇಲೆ ಕೂತು ಬರೆಯುತ್ತಿದ್ದಳು. ಬಲಗಡೆ ಕೆಂಪಾದ ಹಾಳೆಗಳು, ಎಡಗಡೆ ಹೊಸ ಬಿಳಿ ಹಾಳೆಗಳು. ಕೆಂಪಿನ ಕೆಳಗಿದ್ದುದನ್ನು ಬೆಳಕಿಗೆ ಹಿಡಿದು ಓದಿ, ಮಗು ಹೇಗೆ ಬರೆದಿತ್ತೋ ಹಾಗೆಯೇ ಇಳಿಸುತ್ತಿದ್ದಳು.

“ಏನು ಮಾಡಾಕತ್ತೀ?” ಎಂದು ಅವರು ಕೇಳಿದರು.

“ಬರದದ್ದು ಹಂಗಽ ವಾಪಸ್ ತರ್ತೀನಿ ಅಂದಿದ್ದೆ ರಿ ಮಕ್ಕಳಿಗೆ. ಇದನ್ನ ಕೊಟ್ರ ಇನ್ನೊಮ್ಮೆ ಬರಿಯಂಗಿಲ್ಲ ಅವು.” ಅವಳು ತಲೆಯೆತ್ತಲಿಲ್ಲ. “ನಿಮ್ಮ ಮಸಿ ಭಾಳ ಗಟ್ಟಿ ಐತ್ರಿ ಟೀಚರ್.”

ದಾಕ್ಷಾಯಣಮ್ಮ ಸೀರೆ ಮಡಚತೊಡಗಿದರು. ಒಂಬತ್ತು ಹಾಳೆ ಮುಗಿದವು. ಉಳಿದದ್ದು ಮಾರೆಮ್ಮನದು. ಹುಲುಗಮ್ಮ ಅದನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದಳು, ಓರೆ ಮಾಡಿದಳು, ಹಿಂದಿನಿಂದ ನೋಡಿದಳು. ಕೊನೆಗೆ ಚಾಪೆಯ ಮೇಲಿಟ್ಟಳು.

“ಈ ಕೆಳಗಿನ ನಾಕು ಸಾಲು ಕಾಣವಲ್ವು. ಅವತ್ತು ಓದಿದ್ದೆ, ನೆನಪಾಗವಲ್ದು. ನಿಮಗರ ನೆನಪೈತೇನ್ರಿ?”

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆ ಸಾಲುಗಳು ಮೂರು ದಿನದಿಂದ ಅವರ ಬಾಯಲ್ಲಿ ತಿರುಗುತ್ತಿದ್ದವು. ಊಟಕ್ಕೆ ಕೂತಾಗ, ಕೈಮುಗಿದು ನಿಂತಾಗ. ಮೈಸೂರಿಗೂ ಅವು ಜೊತೆಗೆ ಬರುತ್ತವೆಂದು ಅವರಿಗೆ ಗೊತ್ತಿತ್ತು. ಸೀರೆಯ ಎರಡು ತುದಿಗಳು ಕೈಯಲ್ಲೇ ಉಳಿದವು.

“ಅವರು ಊರಿಗೆ ಹೋದ ಮ್ಯಾಲೆ ಅಕ್ಕ ಪಾಟಿ ವರಸಲಿಲ್ಲ,” ಎಂದರು.

ಹುಲುಗಮ್ಮ ಬರೆದಳು. “ಮುಂದ ರಿ?”

“ನನಗ ಲೆಕ್ಕ ಮಾಡಾಕ ಪಾಟಿ ಬೇಕಾಗಿತ್ತು.”

“ಹ್ಞೂಂ.”

“ಕೇಳಿದ್ರ ನಾಳಿಗೆ ಕೊಡ್ತೀನಿ ಅಂದಳು.”

ಪೆನ್ನಿನ ಸದ್ದು ನಿಂತಿತು.

“ಪಾಟಿ ತಲಿ ಕೆಳಗ ಇಟಗಂಡು ಮಲಕ್ಕಂಡಳು.”

ಹುಲುಗಮ್ಮ ಹಾಳೆಯ ಮೇಲೆ ಬಾಗಿದ್ದಳು. ಅವಳು ಆ ಸಾಲನ್ನು ಬರೆದು ಮುಗಿಸುವವರೆಗೆ ದಾಕ್ಷಾಯಣಮ್ಮ ಸೀರೆ ಹಿಡಿದುಕೊಂಡು ನಿಂತೇ ಇದ್ದರು.